ರುಚಿ ನೋಡಿ ಸಹಿ ಮಾಡತಕ್ಕದ್ದು

ಬೆಳಗಾವಿ ಜೈಲು, ಹೆಣ್ಮಕ್ಕಳ ವಿಭಾಗ
೧೮ ನವೆಂಬರ್ ೨೦೨೪

ಸಮೃದ್ಧಿ ಅಪ್ಪಾರಿಗೆ,

ಆರಾಮ ಅದೀನಿ ಅಂತ ಬರದರ ನೀವು ನಂಬೂದಿಲ್ಲ, ಆರಾಮ ಇಲ್ಲ ಅಂದರ ಊಟ ಬಿಡತೀರಿ. ಅದಕ್ಕ ಎರಡೂ ಬರಿಯೂದಿಲ್ಲ. ಒಂದು ಮಾತ್ರ ಹೇಳತೀನಿ. ಇಲ್ಲೆ ಎರಡೂ ಹೊತ್ತು ಕೂತಲ್ಲೆ ನನ್ನ ಮುಂದ ತಾಟು ಬರತೈತಿ. ಮದುವಿ ಆಗಿ ಹತ್ತೊಂಬತ್ತು ವರ್ಷ ಆತು, ಬ್ಯಾರೆಯವರು ಮಾಡಿದ್ದನ್ನ ದಿನಾ ನಾ ಕೂತು ತಿನ್ನೂದು ಇದೇ ಮೊದಲು. ಅದಕ್ಕ ಜೈಲಿಗೆ ಬರಬೇಕಾತು ನೋಡ್ರಿ.

ವಕೀಲರು ಬಂದಿದ್ದರು, ಮಹಾಂತೇಶ ನಗರದ ಸುಜಯ ಅಂತ, ನಮ್ಮ ಬಿಸಿಯೂಟದವರ ಸಂಘದ ಕೇಸು ಎಲ್ಲಾ ಅವರೇ ನೋಡತಾರ. ಜಾಮೀನು ಸಿಕ್ಕೈತಿ ಅಂದರು. ಆದರ ಹೊರಗ ಬಿಡಬೇಕಂದರ ಹೊಲದ ಉತಾರ, ಅಂದರ ಪಹಣಿ, ತಮ್ಮ ಹೆಸರಿನ್ಯಾಗ ಇದ್ದಾವರು ಒಬ್ಬರು ಬಂದು ಕೋರ್ಟಿನಾಗ ನಿಲ್ಲಬೇಕು. ನಮ್ಮ ಸಂಘದ ಕಾಶೀಬಾಯಿ ಊರೂರು ತಿರುಗಿ ಕೇಳಿ ಬಂದಳಂತ. ನಮ್ಮ ಸಂಘದಾಗ ನೂರಾ ಹದಿನೆಂಟು ಮಂದಿ ಅಡಗಿಯವರು. ಒಬ್ಬಾಕಿ ಹೆಸರಿನ್ಯಾಗೂ ಒಂದು ಗುಂಟೆ ನೆಲ ಇಲ್ಲ. ದಿನಾ ಸಾವಿರಾರು ಮಕ್ಕಳಿಗೆ ಉಣ್ಣಾಕ ಹಾಕೋ ಕೈ, ಕೋರ್ಟಿನ ಲೆಕ್ಕದಾಗ ಖಾಲಿ ಕೈ. ನಮ್ಮ ಹೊಲದ ಉತಾರ ನಿಮ್ಮ ಅಣ್ಣ ತಮ್ಮಣ್ಣನ ಹೆಸರಿನ್ಯಾಗ ಐತಿ. ಕೇಳ್ರಿ.

ಶಾಲಿಗೆ ತಪಾಸಣಿಗೆ ಬಂದಿದ್ದ ಆ ಸಾಹೇಬನ ಪಾದ ಹೆಂಗದಾವ ಅಂತ ವಕೀಲರನ್ನ ಕೇಳಿದೆ. ಗುಳ್ಳಿ ಒಡದು ಮಾಯಾಕತ್ತಾವಂತ. ಸಾರಿನ ಬೋಗಾಣಿ ಅವನ ಕಾಲಿನ ಮ್ಯಾಲ ಬೀಳಲಿ ಅಂತ ನಾ ಅವನ ಕೈ ಹಿಡೀಲಿಲ್ಲ. ಆದರ ಕೈ ಹಿಡದದ್ದು ಖರೇ.

ಈಗ ಮುಖ್ಯ ಮಾತು. ಮನ್ಯಾಗ ಅಡಗಿ ನೀವು ಮಾಡಬೇಕು. ಮಗಳು ಸಮೃದ್ಧಿ ಮಾಡಬಾರದು. ಆಕಿದು ಎರಡನೇ ಪಿಯುಸಿ. ಮಾರ್ಚಿನಾಗ ಪರೀಕ್ಷಾ. ಮುಂಜಾನೆ ಆರೂವರಿ ಬಸ್ಸಿಗೆ ಖಾನಾಪುರಕ್ಕ ಹೋಗೋ ಹುಡುಗಿ ಒಲಿ ಮುಂದ ಕೂತರ ಮುಗೀತು, ಒಲಿ ಆಕಿನ್ನ ಬಿಡೂದಿಲ್ಲ. ನನ್ನ ಬಿಟ್ಟಿತೇನು?

ಹೆದರಬ್ಯಾಡ್ರಿ. ಪ್ಯಾಟಿಗೆ ಹೋಗೂದು ಬ್ಯಾಡ, ಏನೂ ತರೂದು ಬ್ಯಾಡ. ಬಾಗಿಲ ಬಲಕ್ಕ ಕಟ್ಟಿ ಮ್ಯಾಲ ಡಬ್ಬಿ ಅದಾವು. ಹಸರು ಮುಚ್ಚಳಿದ್ದರಾಗ ಕಡ್ಲಿ ಹಿಟ್ಟು. ಜರ್ಮನ್ ಡಬ್ಬಿಯೊಳಗ ಹುಳ್ಳಿಕಾಳು. ಬಿಸ್ಕೀಟಿನ ಡಬ್ಬಿಯೊಳಗ ಅಗಸಿ ಹಿಂಡಿ, ಆ ಚಟ್ನಿಪುಡಿ ಸಂಕ್ರಾಂತಿ ತನಕ ಸಾಲತೈತಿ. ಅಕ್ಕಿ ಕಣಜದಾಗ. ಹುಣಸಿಹಣ್ಣು ಮಡಕಿಯೊಳಗ, ಉಪ್ಪು ಹಚ್ಚಿ ಇಟ್ಟೀನಿ. ಬುಟ್ಟಿಯೊಳಗ ಉಳ್ಳಾಗಡ್ಡಿ, ಬಳ್ಳೊಳ್ಳಿ. ಇಷ್ಟಿದ್ದರ ರಾಜನ ಊಟ.

ಮೊದಲ ಝುಣಕ ಕಲೀರಿ. ನೂರಾ ನಲವತ್ತು ಮಕ್ಕಳಿಗೆ ಹದಿನಾಲ್ಕು ಕಿಲೋ ಅಂತ ಬರದು ಹೊಡದ ಹಾಕೀನಿ, ಕಾಣತೈತಿ ನೋಡ್ರಿ, ಕೈಗೆ ಅದೇ ರೂಢಿ. ಮೂರು ಮಂದಿಗೆ ಒಂದು ವಾಟಗ ಹಿಟ್ಟು. ಎಣ್ಣಿ ಕಾದ ಮ್ಯಾಲ ಸಾಸಿವಿ, ಎರಡು ಉಳ್ಳಾಗಡ್ಡಿ, ಜಜ್ಜಿದ ಬಳ್ಳೊಳ್ಳಿ, ಖಾರಪುಡಿ. ಉಳ್ಳಾಗಡ್ಡಿ ಕೆಂಪಾಗಲಿ, ಅವಸರ ಮಾಡಬ್ಯಾಡ್ರಿ. ಎರಡು ವಾಟಗ ನೀರು, ಉಪ್ಪು. ಕುದ್ದ ಮ್ಯಾಲ ಒಂದು ಕೈಲೆ ಹಿಟ್ಟು ಉದುರಿಸ್ತಾ ಇನ್ನೊಂದು ಕೈಲೆ ತಿರುವ್ರಿ. ಕೈ ನಿಂತರ ಗಂಟು. ಮುಚ್ಚಿ ಹಬೆ ಕೊಡ್ರಿ. ಅನ್ನದ ಮ್ಯಾಲ ಹಾಕ್ಕೊಂಡು, ಬಾಜೂಕ ಹಸಿ ಉಳ್ಳಾಗಡ್ಡಿ ಒಡದು ಇಟಗೊಂಡರ ಸಂಜಿ ತನಕ ಹಸಿವು ಹತ್ತರ ಸುಳಿಯೂದಿಲ್ಲ.

ಇನ್ನೊಂದು. ಶಾಲಿ ಅಡಗಿಮನಿ ಗ್ವಾಡಿ ಮ್ಯಾಲ ಬರದಿತ್ತಲ್ಲ, ‘ಬಡಿಸುವ ಮೊದಲು ರುಚಿ ನೋಡಿ ಸಹಿ ಮಾಡತಕ್ಕದ್ದು’ ಅಂತ. ನಮ್ಮ ಮನ್ಯಾಗೂ ಒಂದು ರುಚಿ ವಹಿ ಮಾಡ್ರಿ. ಹಳೇ ನೋಟಬುಕ್ಕಿಗೆ ದಾರ ಕಟ್ಟಿ ಒಲಿ ಬಾಜೂಕ ಮೊಳಿಗೆ ಹಾಕ್ರಿ. ಮಾಡಿದಾವರು ರುಚಿ ನೋಡಬೇಕು, ಹೆಂಗಾಗೇತಿ ಬರೀಬೇಕು, ಸಹಿ ಮಾಡಬೇಕು. ಒಂದೊಂದು ಹಾಳಿ ನನಗ ಕಳಿಸ್ರಿ. ಇಲ್ಲೆ ಕೂತು ಅದನ್ನ ಉಣತೀನಿ.

ನಿಮ್ಮ
ಕಾಂತಾ

*

ಕಣಕುಂಬಿ ರಸ್ತಾ, ಖಾನಾಪುರ ತಾಲೂಕ
೩ ಡಿಸೆಂಬರ್ ೨೦೨೪

ಕಾಂತಾಗ,

ಹೇಳಾವ ನಾನು ಗೌರೀಶ, ಬರಿಯಾಕಿ ಸಮೃದ್ಧಿ. ನನ್ನ ಶಾಲಿ ಮರಾಠಿ ಆತು, ಕನ್ನಡ ಅಕ್ಷರ ನನ್ನ ಕೈಗೆ ಬಗ್ಗೂದಿಲ್ಲ. ನಿನಗ ಗೊತ್ತೇ ಐತಿ.

ಝುಣಕ ಮಾಡಿದೆ. ಮೊದಲ ದಿನ ಕರಕಾತು. ಎರಡನೇ ದಿನ ಗಂಟು. ಈಗ ಚಲೋ ಆಗಾಕತ್ತೈತಿ. ಇಟ್ಟಂಗಿ ಭಟ್ಟಿಯಿಂದ ಬಂದು ಕೈಕಾಲು ತೊಳಕೊಂಡು ಒಲಿ ಹಚ್ಚತೀನಿ. ಸಮೃದ್ಧಿ ಓದತಾಳ. ಗ್ಯಾಸು ಮುಗದೈತಿ, ಕಟಗಿ ಒಲಿನೇ ಉರಸತೀನಿ. ಅಣ್ಣನೂ ಎಂದಿನಂಗ ನಮ್ಮಲ್ಲೇ ಉಣತಾನ. ನಾ ಒಲಿ ಮುಂದ ಕೂತದ್ದು ನೋಡಿ, ‘ಗೌರೀಶಾ, ಸೆರಗು ತಲಿ ಮ್ಯಾಲ ಹೊಚ್ಚಿಕೊಳ್ಳೋ, ಹೊಗಿ ಕಣ್ಣಿಗೆ ಬರತೈತಿ’ ಅಂದ. ಭಟ್ಟಿಯೊಳಗೂ ಹೇಳ್ಯಾನ. ಅಲ್ಲೆ ಈಗ ನನಗ ವೈನಿ, ಅತ್ತಿಗಿ ಅಂತಾರ. ಇರಲಿ.

ವಹಿ ಹಾಕೇವಿ. ಒಂದು ಹಾಳಿ ಇದರ ಜೋಡಿ ಐತಿ.

ಉತಾರದ ವಿಷಯ ಕೇಳಿದೆ. ಕೊಡತೀನಿ ಅಂದಾನ. ಬರೇ ಒಂದು ಷರತ್ತು. ನೀ ಛಾಪಾ ಕಾಗದದ ಮ್ಯಾಲ ಬರದುಕೊಡಬೇಕಂತ. ಆವತ್ತಿನ ಬ್ಯಾಳಿ ಚಲೋ ಇತ್ತು, ಹುಳ ಇರಲಿಲ್ಲ, ತಪ್ಪು ನಂದು, ಇನ್ನ ಮ್ಯಾಲ ಸಂಘಕ್ಕ ಹೋಗೂದಿಲ್ಲ ಅಂತ. ನಿನಗ ತಿಳೀತೈತಿ, ಶಾಲಿಗೆ ಬ್ಯಾಳಿ ಚೀಲ ಬರೂದು ಅಣ್ಣನ ಟೆಂಪೋದಾಗ. ನಿನ್ನ ಕೇಸು ಆದಾಗಿನಿಂದ ಅವನ ಗುತ್ತಗಿ ಮ್ಯಾಲ ಕಣ್ಣು ಬಿದ್ದೈತಿ. ಅವನೂ ಸಿಕ್ಕೊಂಡಾನ.

ನಾ ಜೋರು ಮಾಡೂದಿಲ್ಲ. ಆದರ ಕಾಂತಾ, ಒಂದು ಸಹಿ. ಮಾಡಿ ಮನಿಗೆ ಬಾ.

ಗೌರೀಶ

*

ಬೆಳಗಾವಿ ಜೈಲು
೨೧ ಡಿಸೆಂಬರ್ ೨೦೨೪

ಸಮೃದ್ಧಿ ಅಪ್ಪಾರಿಗೆ,

ವಹಿ ಹಾಳಿ ಮುಟ್ಟಿತು. ‘ಝುಣಕ. ಉಪ್ಪು ಬರೋಬರಿ. ಗೌರೀಶ.’ ನಾಕು ಸಲ ಓದಿದೆ. ಬಾಜೂಕಿದ್ದ ಶೀತಲ ಅನ್ನೋ ಹುಡುಗಿ, ಏನ ಅಕ್ಕಾ, ಪ್ರೇಮಪತ್ರ ಏನು ಅಂದಳು. ಹೌದು ಅಂದೆ. ಗಂಡ ಒಲಿ ಹಚ್ಚಿದ ಅಂತ ಬರದಿದ್ದು ಪ್ರೇಮಪತ್ರ ಅಲ್ಲದ ಮತ್ತೇನು.

ಈಗ ಸಹಿ ವಿಷಯ. ಮನಸಿಟ್ಟು ಕೇಳ್ರಿ.

ಆವತ್ತು ತಪಾಸಣಿಗೆ ಬಂದ ಸಾಹೇಬ ಕುರ್ಚಿ ಮ್ಯಾಲ ಕುಂತ. ರುಚಿ ವಹಿ ತಗೊಂಡು ಬಾ ಅಂದ. ಕೊಟ್ಟೆ. ‘ಉತ್ತಮ’ ಅಂತ ಬರದ, ಸಹಿ ಮಾಡಿದ, ಮುಚ್ಚಿದ. ಸಾರು ಇನ್ನೂ ಒಲಿ ಮ್ಯಾಲಿಂದ ಇಳದಿರಲಿಲ್ಲ. ಸಾರಿನ ಮ್ಯಾಲ ಹುಳ ತೇಲತಿದ್ದವು. ಚೀಲ ತೋರಿಸಿ ಬದಲಿ ಕೊಡ್ರಿ ಅಂತ ಎರಡು ವಾರದಿಂದ ಹೇಳಿದ್ದೆ. ಬೋಗಾಣಿ ಇಳಿಸಿ ಅವನ ಮುಂದ ತಂದಿಟ್ಟೆ. ಸಾಹೇಬರ, ಸಹಿ ಮಾಡೀರಿ, ಈಗ ರುಚಿ ನೋಡ್ರಿ ಅಂದೆ. ಎದ್ದ. ನಾ ಕೈ ಹಿಡದೆ. ಒಂದು ಚಮಚಾ, ಮಕ್ಕಳು ಉಣ್ಣೂದನ್ನ ಒಂದು ಚಮಚಾ ಉಣ್ರಿ ಅಂದೆ. ಅಂವ ಜಗ್ಗಿದ, ಬೋಗಾಣಿಗೆ ಕಾಲು ತಾಗಿತು. ಇಷ್ಟೇ. ಇದಕ್ಕ ಸರಕಾರಿ ನೌಕರನ ಮ್ಯಾಲ ಹಲ್ಲೆ ಅಂತ ಹೆಸರು.

ನಿಮಗ ಹೇಳದ ಮಾತೊಂದು ಐತಿ. ಆ ವಹಿಯೊಳಗ ಅವನ ಸಹಿ ಒಂದೇ. ನನ್ನ ಸಹಿ ಎಂಟು ವರ್ಷದ್ದು. ಹುಳ ಇದ್ದ ದಿನಾನೂ, ಮುಗ್ಗಿದ ಅಕ್ಕಿ ಬಂದ ದಿನಾನೂ ‘ಉತ್ತಮ, ಕಾಂತಾ’ ಅಂತ ನಾನೇ ಬರದೀನಿ. ಕೆಲಸ ಹೋಗತೈತಿ ಅಂತ, ನಿಮ್ಮ ಅಣ್ಣನ ಟೆಂಪೋ ಅಂತ. ಅವನ ಕೈ ಹಿಡದಾಗ ಖರೇ ಅಂದರ ನಾ ನನ್ನ ಕೈನ ಹಿಡದಿದ್ದೆ. ಈಗ ಮತ್ತ ಅದೇ ಕೈಲೆ ಬ್ಯಾಳಿ ಚಲೋ ಇತ್ತು ಅಂತ ಬರೀ ಅಂತೀರಿ. ನಾಳೆ ಯಾವ ಕೂಸಿನ ತಾಟಿನಾಗ ಹುಳ ಬಂದರೂ ಆ ಕಾಗದ ತೋರಸತಾರ: ನೋಡ್ರಿ, ಕೂಗಾಡಿದಾಕಿನೇ ಒಪ್ಪಿಕೊಂಡಾಳ. ಆಗೂದಿಲ್ಲ.

ನಿಮ್ಮ ಅಣ್ಣ ಸಿಕ್ಕೊಂಡಾನ ಅಂತ ಬರದೀರಿ. ಅವನ ಬೀಗದ ಕೈ ಅವನ ಕಿಸೆದಾಗ ಐತಿ. ನನ್ನದೂ ಅಲ್ಲೇ ಐತಿ.

ಅಡಗಿ ಬಿಡಬ್ಯಾಡ್ರಿ. ವೈನಿ ಅಂದವರಿಗೆ, ಬರ್ರಿ ಉಣ್ಣಾಕ ಅನ್ರಿ, ಬಾಯಿ ಮುಚ್ಚತಾರ. ಈಗ ಹುಳ್ಳಿಕಾಳು ಕಲೀರಿ. ಒಂದು ಗಡಗಿಯೊಳಗ ಎರಡು ಅಡಗಿ ಆಗತಾವು. ಒಂದು ವಾಟಗ ಕಾಳು ರಾತ್ರಿ ನೆನೀಗಿಡ್ರಿ. ಮುಂಜಾನೆ ಆರು ವಾಟಗ ನೀರು ಹಾಕಿ ಒಲಿ ಮ್ಯಾಲ ಇಡ್ರಿ. ಕಾಳು ಹಾಕೂ ಮುಂದನೇ ನಿಂಬಿಹಣ್ಣಿನಷ್ಟು ಹುಣಸಿಹಣ್ಣು ಕಿವಿಚಿ ಹುಳಿನೂ ಅದರಾಗೇ ಸುರುವ್ರಿ. ಎರಡೂ ಕೂಡೇ ಕುದೀಲಿ. ಕಾಳು ಮೆತ್ತಗಾದ ಮ್ಯಾಲ ಬಸೀರಿ. ಬಸಿದ ನೀರು ಅಂದರ ಕಟ್ಟು, ಅದಕ್ಕ ಬಳ್ಳೊಳ್ಳಿ, ಒಣ ಮೆಣಸಿನಕಾಯಿ ಒಗ್ಗರಣಿ, ಸಾರಾತು. ಅರ್ಧ ಮುಷ್ಟಿ ಕಾಳು ಅರದು ಅದಕ್ಕ ಕೂಡಿಸಿದರ ಗಟ್ಟಿ ಬರತೈತಿ. ಉಳದ ಕಾಳಿಗೆ ಉಳ್ಳಾಗಡ್ಡಿ ಹುರದು ಕೂಡಿಸಿದರ ಪಲ್ಯಾ. ಮ್ಯಾಲ ಅಗಸಿ ಹಿಂಡಿ. ಭಟ್ಟಿ ಕೆಲಸದವರಿಗೆ ಇದಕ್ಕಿಂತ ಚಲೋ ಊಟ ಇಲ್ಲ.

ಮಾಡಿ, ಕಾಳು ಹೆಂಗಾದವು ಬರೀರಿ. ಕಾಯತೀನಿ.

ಕಾಂತಾ

*

ಕಣಕುಂಬಿ ರಸ್ತಾ, ಖಾನಾಪುರ ತಾಲೂಕ
೯ ಜನವರಿ ೨೦೨೫

ಕಾಂತಾಗ,

ನೀ ಬರದಂಗ ಹುಳ್ಳಿಕಾಳು ಮಾಡಿದೆ. ಕಾಳು ಬೆಣ್ಣಿ ಆಗಿದ್ದವು, ಬೆರಳಾಗ ಹಿಡದರ ಕರಗತಿದ್ದವು. ಅಣ್ಣ ಎರಡು ಸಲ ಸಾರು ಹಾಕಿಸಿಕೊಂಡ. ಕಾಂತಾನ ಕೈ ನೆನಪಾತು ಅಂದ. ಅವನ ಬಾಯಾಗ ನಿನ್ನ ಹೆಸರು ಬರೂದು ಚಲೋ ಗುರುತು ಅಂತ ನನಗ ಅನಿಸೇತಿ.

ವಹಿ ಹಾಳಿ ಕಳಿಸೇನಿ. ಹದಿನೆಂಟು ದಿನದ್ದು ಐತಿ. ಒಂದು ದಿನಾನೂ ತಪ್ಪಿಲ್ಲ.

ಸಮೃದ್ಧಿ ಆರಾಮ ಅದಾಳ. ಓದಾಕತ್ತಾಳ. ಸಂಕ್ರಾಂತಿ ಬಂತು. ಎಳ್ಳು ತಂದೇವಿ. ನೀ ಇಲ್ಲದ ಹಬ್ಬ ಮಾಡೂದಿಲ್ಲ ಅಂತ ಡಬ್ಬಿಯೊಳಗ ಇಟ್ಟೇವಿ.

ಛಾಪಾ ಕಾಗದ ಅಣ್ಣ ತಂದಿಟ್ಟಾನ, ಟೈಪೂ ಮಾಡಿಸ್ಯಾನ. ವಕೀಲರ ಕೈಲೆ ಕಳಸತೀನಿ. ಹರಿಯಬ್ಯಾಡ. ಇಟಗೊ. ಕಾಂತಾ, ನಾ ಎರಡು ಕಡೆ ಜಗ್ಗಿಸಿಕೊಂಡು ದಣದೀನಿ.

ಗೌರೀಶ

*

ಬೆಳಗಾವಿ ಜೈಲು
೨೦ ಜನವರಿ ೨೦೨೫

ಮಗಳೇ ಸಮೃದ್ಧಿ,

ಈ ಪತ್ರ ಅಂಚಿಗೆ ಹಾಕಿಲ್ಲ, ಅನಗೋಳದ ನಿಮ್ಮ ಕಾಶೀಬಾಯಿ ಮೌಶಿ ಕೈಯಾಗ ಕೊಟ್ಟೀನಿ. ನಿನ್ನ ಕೈಯಾಗೇ ಕೊಡು ಅಂತ ಹೇಳೀನಿ. ಓದೂ ಮುಂದ ಅಪ್ಪ ಬಾಜೂಕ ಇರಬಾರದು.

ಅಪ್ಪನ ಪತ್ರ ಬಂತು. ಕಾಳು ಬೆಣ್ಣಿ ಆಗಿದ್ದವಂತ.

ಆಗೂದಿಲ್ಲ ಸಮೃದ್ಧಿ. ನಾ ಬರದಂಗ ಮಾಡಿದ್ದರ ಆ ಕಾಳು ಸತ್ತರೂ ಬೇಯೂದಿಲ್ಲ. ಹುಳಿ ಮೊದಲ ಬಿದ್ದರ ಹುಳ್ಳಿಕಾಳು ಬಿಗೀತಾವು, ಮೂರು ತಾಸು ಉರಿ ಹಾಕಿದರೂ ಕಲ್ಲಿನ ಹಳ್ಳಿನಂಗೇ. ಹುಳಿ ಹಾಕೂದು ಕಡೀಕ. ಒಲಿ ಕಂಡ ಹೆಣ್ಣಿಗೆ ಇದು ಯಾರೂ ಹೇಳಬೇಕಾಗಿಲ್ಲ. ಒಲಿ ಕಾಣದ ಗಂಡಸಿಗೆ ಗೊತ್ತಿರೂದಿಲ್ಲ. ಬೇಕಂತಲೇ ತಪ್ಪು ಬರದಿದ್ದೆ. ಅಪ್ಪ ಮಾಡಿದ್ದರ, ಕಾಂತಾ, ಕಾಳು ಕುದೀಲಿಲ್ಲ ಅಂತ ಬೈದು ಬರೀತಿದ್ದ. ನನ್ನ ತಪ್ಪನ್ನ ಬಾಯಿ ಬಿಡದ ತಿದ್ದಿದ ಕೈ ಯಾವುದು ಅಂತ ನನಗ ಗೊತ್ತು. ಆ ಕೈಗೆ ಕಲಿಸಿದಾಕಿ ನಾನು.

ಯಾಕ ಸಂಶಯ ಬಂತು ಅಂತ ಕೇಳತೀಯೇನು. ‘ಉಪ್ಪು ಬರೋಬರಿ.’ ಎರಡನೇ ವಾರಕ್ಕೇ ಬರೋಬರಿ ಉಪ್ಪು ಬೀಳೋ ಗಂಡಸು ಈ ತಾಲೂಕಿನಾಗ ಹುಟ್ಟಿಲ್ಲ.

ನನಗ ಈಗ ಒಂದೇ ಬೇಕು. ಕಾಲೇಜಿಗೆ ಹೋಗಾಕತ್ತಿಯೋ ಇಲ್ಲೋ? ರುಚಿ ವಹಿಯೊಳಗ ಬರದಂಗ ಬರೀಬ್ಯಾಡ. ಇದ್ದದ್ದು ಬರೀ.

ಅವ್ವ

*

ಕಣಕುಂಬಿ ರಸ್ತಾ
೨ ಫೆಬ್ರವರಿ ೨೦೨೫

ಅವ್ವಾ,

ಇದ್ದದ್ದು ಬರಿ ಅಂದಿ. ತಗೋ.

ಅಪ್ಪ ಮೂರು ದಿನ ಮಾಡಿದ. ಖರೇನೇ ಮಾಡಿದ. ನಾಲ್ಕನೇ ದಿನ ಭಟ್ಟಿಯೊಳಗ ಯಾರೋ ಅವನ ಬುತ್ತಿಗೆ ಗಾಜಿನ ಬಳಿ ಕಟ್ಟಿ ಇಟ್ಟಿದ್ದರಂತ. ಮನಿಗೆ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ಅವತ್ತು ನಾ ಒಲಿ ಹಚ್ಚಿದೆ. ಮರದಿನ ಹಚ್ಚು ಅಂತ ಯಾರೂ ಹೇಳಲಿಲ್ಲ. ಹಚ್ಚಬ್ಯಾಡ ಅಂತಾನೂ ಯಾರೂ ಹೇಳಲಿಲ್ಲ. ಡಿಸೆಂಬರ್ ಮೊದಲ ವಾರದಿಂದ ನಾ ಕಾಲೇಜಿಗೆ ಹೋಗಿಲ್ಲ. ದೊಡ್ಡಪ್ಪಗ ಎಂಟಕ್ಕ ನಾಷ್ಟಾ ಬೇಕು. ಅಪ್ಪಗ ಬುತ್ತಿ ಬೇಕು. ಬಸ್ಸು ಆರೂವರಿಗೆ. ಲೆಕ್ಕ ಕೂಡೂದಿಲ್ಲ.

ವಹಿಯೊಳಗ ಅಪ್ಪನ ಸಹಿ ಖರೇ, ಅಕ್ಷರ ನಂದು. ‘ಬರಿ, ನಿಮ್ಮ ಅವ್ವಗ ಸಮಾಧಾನ ಆಗತೈತಿ’ ಅಂದ. ಮಾಡಿದಾಕಿ ನಾನು, ರುಚಿ ನೋಡಿದಾಕಿ ನಾನು, ಸಹಿ ಅವಂದು. ನಿನ್ನ ಶಾಲಿಗಿಂತ ನಮ್ಮ ಮನಿ ಬ್ಯಾರೆ ಅಲ್ಲ ಅವ್ವಾ.

ನಿನಗೂ ಒಂದು ಮಾತು ಹೇಳಬೇಕು. ಬೈದರೂ ಬೈ. ಒಂಬತ್ತು ವರ್ಷಕ್ಕ ನನ್ನ ಕಟಗಿ ಮಣಿ ಮ್ಯಾಲ ನಿಂದರಿಸಿ ಅನ್ನಕ್ಕ ನೀರು ಇಡೂದು ಕಲಿಸಿದಾಕಿ ಯಾರು? ನೀ ಶಾಲಿಗೆ ಹೋಗಿ ನೂರಾ ನಲವತ್ತು ಮಕ್ಕಳಿಗೆ ಮಾಡತಿದ್ದಿ, ಇಲ್ಲೆ ನಾ ಮೂರು ಮಂದಿಗೆ ಮಾಡತಿದ್ದೆ. ಅವಾಗ ಅಪ್ಪಗ ಯಾಕ ಕಲಿಸಲಿಲ್ಲ? ಈಗ ಜೈಲಿನಾಗ ಕೂತು ಪತ್ರದಾಗ ಕಲಸತಿ. ಹುಣಸಿಹಣ್ಣಿನ ಬಲಿ ಹಾಕಿ ನನ್ನ ಹಿಡದಿ. ಹಿಡದು ಏನ ಮಾಡತಿ? ಬಾಗಿಲ ತಗೀತಿಯೇನು?

ಪ್ರಿನ್ಸಿಪಾಲರನ್ನ ಕಾಣಾಕ ಹೋಗಿದ್ದೆ, ಒಂದು ದಿನ, ಸುಳ್ಳು ಹೇಳಿ. ಹಾಜರಿ ಕಡಿಮಿ ಬಿದ್ದೈತಿ. ಮನಿ ಪರಿಸ್ಥಿತಿ ಬರದು ಅರ್ಜಿ ಕೊಡು, ಇದೇ ಹದಿನೇಳನೇ ತಾರೀಖಿನಿಂದ ಒಂದು ದಿನ ತಪ್ಪಿಸದ ಬಂದರ ಪರೀಕ್ಷಾಕ್ಕ ಕುಂದರಸತೀನಿ, ತಪ್ಪಿಸಿದರ ಮುಂದಿನ ವರ್ಷ ಅಂದರು. ಮುಂದಿನ ವರ್ಷ ಅನ್ನೂದು ನಮ್ಮ ಮನ್ಯಾಗ ಇಲ್ಲ. ಈಗಾಗಲೇ ದೊಡ್ಡಪ್ಪ, ಹುಡುಗಿ ಕೈಯಾಗ ರುಚಿ ಐತಿ, ಎಲ್ಲೆ ಕೊಟ್ಟರೂ ನಡೀತೈತಿ ಅಂತ ಅಪ್ಪನ ಮುಂದ ಅಂದಾನ. ಅಪ್ಪ ಅನ್ನ ಕಲಸಿಕೊಂಡು ಉಂಡ. ಕಾಳು ಬೆಣ್ಣಿ ಮಾಡಿದ್ದಕ್ಕ ನನಗ ಸಿಕ್ಕ ಇನಾಮು ಇದು.

ನೀ ಸಹಿ ಮಾಡಿ ಬಂದರ ನಾ ಹೋಗತೀನಿ. ನೀ ಬರಲಿಲ್ಲ ಅಂದರ ಇಲ್ಲೇ ಇರತೀನಿ. ಮೂರನೇದು ನನಗ ಕಾಣವಲ್ತು. ಕಂಡರ ಹೇಳು.

ಸಮೃದ್ಧಿ

*

ಬೆಳಗಾವಿ ಜೈಲು
೯ ಫೆಬ್ರವರಿ ೨೦೨೫

ಸಮೃದ್ಧಿ,

ಬೈಯೂದಿಲ್ಲ. ನೀ ಬರದಿದ್ದರಾಗ ಒಂದು ಅಕ್ಷರಾನೂ ಸುಳ್ಳಿಲ್ಲ. ನೂರಾ ಹದಿನೆಂಟು ಹೆಣ್ಮಕ್ಕಳ ಮುಂದ ನಿಂತು ಮೈಕಿನಾಗ ಹಕ್ಕು ಹಕ್ಕು ಅಂತ ಒದರಿದಾಕಿ ನಾನು. ನನ್ನ ಮನಿ ಒಲಿ ಮುಂದ ಮಣಿ ಹಾಕಿ ಮಗಳನ್ನ ನಿಂದರಿಸಿದಾಕಿನೂ ನಾನೇ. ನನ್ನ ಬೆನ್ನ ಮ್ಯಾಲಿನ ಹೊರಿ ಇಳಿಸಿ ನಿನ್ನ ಮ್ಯಾಲ ಇಟ್ಟೆ, ಇಳಿಸಿದೆ ಅಂತ ಎಲ್ಲಾರಿಗೂ ಹೇಳಿದೆ.

ಛಾಪಾ ಕಾಗದ ವಕೀಲರು ತಂದು ಕೊಟ್ಟಾರ. ಇಲ್ಲೇ ತಲಿದಿಂಬಿನ ಕೆಳಗ ಐತಿ. ನಿನ್ನ ಪತ್ರ ಓದಿ ಪೆನ್ನು ತಗೊಂಡೆ. ಸುಳ್ಳು ಹೇಳೂದಿಲ್ಲ, ‘ಕಾ’ ಅಂತ ಬರಿಯೂ ತನಕ ಪೆನ್ನು ಕಾಗದದ ಹತ್ತರ ಹೋತು. ಆಗ ಅನಿಸಿತು. ನಾ ಸಹಿ ಮಾಡಿ ಬರತೀನಿ. ನೀ ಕಾಲೇಜಿಗೆ ಹೋಗತಿ. ನಾ ಒಲಿ ಮುಂದ ಕೂಡತೀನಿ. ನಾಳೆ ನಾ ಜಡ್ಡು ಬಿದ್ದರ ಮತ್ತ ನೀ. ಒಲಿ ಮುಂದ ಒಬ್ಬಾಕಿ ಕುಂತಿರಲೇಬೇಕು, ಅದು ಯಾರು ಅನ್ನೂದಷ್ಟೇ ನಮ್ಮಿಬ್ಬರ ಜಗಳ. ಮೂರನೇದು ಕಾಣವಲ್ತು ಅಂದಿ. ಮೂರನೇದು ನಾವಿಬ್ಬರೂ ಎದ್ದು ಬಿಡೂದು.

ಕಟಗಿ ಹೊರಗ ಜಗ್ಗಿ ನೀರು ಹಾಕು. ನಿನ್ನ ಪುಸ್ತಕ, ಎರಡು ಜೋಡಿ ಬಟ್ಟಿ ತಗೋ. ಕಾಶೀಬಾಯಿ ಹದಿನಾರಕ್ಕ ಬರತಾಳ, ಆಕಿ ಜೋಡಿ ಅನಗೋಳಕ್ಕ ಹೋಗು. ಆಕಿ ಮನಿ ಒಂದೇ ಖೋಲಿ, ಆದರ ಓದಾಕ ಯಾರೂ ಬ್ಯಾಡ ಅನ್ನೂದಿಲ್ಲ. ಅಲ್ಲಿಂದ ಮುಂಜಾನೆ ಖಾನಾಪುರಕ್ಕ ಬ್ಯಾರೆ ಬ್ಯಾರೆ ಬಸ್ಸು ಅದಾವು. ಅಪ್ಪಗ ಕದ್ದು ಹೋಗಬ್ಯಾಡ. ಮುಂದ ನಿಂತು ಹೇಳು.

ಗಂಡಸರು ಉಪವಾಸ ಸಾಯತಾರ ಅಂತ ಅಂಜಬ್ಯಾಡ. ಡಬ್ಬಿ ತುಂಬ ಅದಾವು. ತುಂಬಿದ ಡಬ್ಬಿ ಮುಂದ ಕೂತು ಹಸದಿದ್ದರ ಅದು ಬರಗಾಲ ಅಲ್ಲ, ಸೊಕ್ಕು. ಅಪ್ಪಗ ಬರದ ನನ್ನ ಪತ್ರ ಎಲ್ಲಾ ಮೊಳಿಗೆ ಸಿಗಿಸಿ ಹೋಗು. ಅಕ್ಷರ ಬಗ್ಗೂದಿಲ್ಲ ಅಂತಾನಲ್ಲ ಅಪ್ಪ, ಹಸಿವಿ ಮುಂದ ಬಗ್ಗತಾವು.

ಕಾಗದ ಹರದಿಲ್ಲ. ನಿನ್ನ ಪರೀಕ್ಷಾ ನಡದಾಗ, ಅವ್ವಾ ಸಹಿ ಮಾಡು, ನನ್ನ ಸಲುವಾಗಿ ಮಾಡು ಅಂತ ನೀ ಒಂದು ಮಾತು ಹೇಳಿ ಕಳಿಸಿದರ ಮಾಡತೀನಿ. ಇದು ನಾ ನಿನಗ ಕೊಡೋ ಮಾತು. ಸಂಘ ಬೈಯಲಿ. ಆದರ ಮೊದಲ ನೀ ಹೊರಗ ಹೋಗು. ಒಳಗ ಕೂತು ಹೇಳಿದ್ದನ್ನ ನಾ ಕೇಳೂದಿಲ್ಲ.

ಅವ್ವ

*

ಕಣಕುಂಬಿ ರಸ್ತಾ
೬ ಮಾರ್ಚ್ ೨೦೨೫

ಕಾಂತಾ,

ಈ ಪತ್ರ ನಾನೇ ಬರದೀನಿ. ಮಾತು ಕನ್ನಡ, ಅಕ್ಷರ ಬಾಳಬೋಧ. ನಿನಗ ಮರಾಠಿ ಅಕ್ಷರ ಓದಾಕ ಬರತೈತಿ ಅಂತ ಬರದೀನಿ. ಐದು ದಿನ ಹಿಡೀತು.

ಸಮೃದ್ಧಿ ಹದಿನಾರಕ್ಕ ಹೋದಳು. ಮುಂದ ನಿಂತು ಹೇಳಿದಳು. ಅಪ್ಪಾ, ನಾ ಪರೀಕ್ಷಾ ಬರಿಯಾಕ ಹೊಂಟೀನಿ, ಒಲಿ ಆರಿಸೀನಿ ಅಂದಳು. ಅಣ್ಣ ಬಾಗಿಲಕ್ಕ ಅಡ್ಡ ನಿಂತ. ನಾ ಅಣ್ಣನ ಸರಿಸಲಿಲ್ಲ. ಸರಿಸಿದೆ ಅಂತ ಬರೀಬೇಕು ಅನಿಸಿತ್ತು. ಸರಿಸಿದಾಕಿ ಕಾಶೀಬಾಯಿ. ನಾ ಸುಮ್ಮನ ನಿಂತಿದ್ದೆ.

ನಾಕು ದಿನ ಅವಲಕ್ಕಿ ನೀರಾಗ ನೆನಸಿ ತಿಂದೆ. ಅಣ್ಣ ಜಾಂಬೋಟಿ ಖಾನಾವಳಿಗೆ ಹೋಗತಿದ್ದ. ಅಲ್ಲಿ ಎಣ್ಣಿ ಅವಗ ಹಿಡೀಲಿಲ್ಲ, ಹೊಟ್ಟಿ ಕೆಟ್ಟು ಬಂದ. ಇಬ್ಬರೂ ತುಂಬಿದ ಡಬ್ಬಿ ಮುಂದ ಕೂತಿದ್ದೆವು. ಅವನ ಮಾರಿ ನಾ ನೋಡೂದು, ನನ್ನ ಮಾರಿ ಅಂವ ನೋಡೂದು. ಕಡೀಕ ನಾ ಮೊಳಿ ಮ್ಯಾಲಿನ ಪತ್ರ ತಗೊಂಡೆ. ಮೊದಲಿನ ಪತ್ರ ಸಮೃದ್ಧಿ ಓದಿ ಹೇಳಿದ್ದಳು, ಝುಣಕ ಗೊತ್ತಿತ್ತು. ಕಡ್ಲಿ ಹಿಟ್ಟು ಮುಗದಿತ್ತು. ಹುಳ್ಳಿಕಾಳಿನ ಪತ್ರ ಹಿಡಕೊಂಡು ಕುಂತೆ. ಒಂದೊಂದು ಅಕ್ಷರ ಕೂಡಿಸಿ ಓದಿದೆ.

ಕಾಂತಾ, ನೀ ಬರದಂಗ ಮಾಡೀನಿ. ಎಷ್ಟು ನೀರು ಅಂದಿ ಅಷ್ಟೇ ನೀರು. ಹುಣಸಿಹಣ್ಣು ನಿಂಬಿಹಣ್ಣಿನಷ್ಟೇ, ಕಾಳಿನ ಜೋಡಿನೇ ಹಾಕೀನಿ. ಮುಂಜಾನೆ ಹಚ್ಚಿದ ಒಲಿ ಮಧ್ಯಾಹ್ನ ಆದರೂ ಆರಸಲಿಲ್ಲ. ಭಟ್ಟಿಗೆ ಹೋಗಲಿಲ್ಲ. ಕಾಳು ಕುದೀಲಿಲ್ಲ. ಇನ್ನಷ್ಟು ಕಟಗಿ ಹಾಕಿದೆ. ಇಟ್ಟಂಗಿ ಸುಡೋ ಉರಿ ಹಾಕಿದೆ. ಇಟ್ಟಂಗಿ ಆದರೂ ಅಷ್ಟೊತ್ತಿಗೆ ಕೆಂಪಾಗತಿತ್ತು, ಕಾಳು ಹಳ್ಳಿನಂಗೇ ಉಳದವು. ನಾ ಏನ ತಪ್ಪು ಮಾಡಿದೆ ನನಗ ತಿಳೀವಲ್ತು. ಮೂರು ಸಲ ಪತ್ರ ಓದಿದೆ.

ಹಂಗೇ ಬಡಸಿದೆ. ಅಣ್ಣ ಒಂದು ತುತ್ತು ಕಡದ, ಹಲ್ಲು ಹಿಡಕೊಂಡ. ಥೂ, ಇದನ್ನ ಮನಷ್ಯಾರು ತಿಂತಾರೇನು ಅಂದ. ನನಗ ಏನಾತೋ ಗೊತ್ತಿಲ್ಲ. ವಹಿ ತಗದು ಅವನ ತಾಟಿನ ಬಾಜೂಕ ಇಟ್ಟೆ. ರುಚಿ ನೋಡೀಯಲ್ಲ ಅಣ್ಣಾ, ಈಗ ಹೆಂಗೈತಿ ಬರದು ಸಹಿ ಮಾಡು ಅಂದೆ. ಅಂವ ನನ್ನ ಮಾರಿ ನೋಡಿದ. ಬರೀಲಿಲ್ಲ. ತಾಟು ಬಿಟ್ಟು ಎದ್ದು ಹೋದ. ಅವತ್ತಿನಿಂದ ನಮ್ಮಲ್ಲೆ ಉಣ್ಣಾಕ ಬರೂದಿಲ್ಲ, ಮಾತೂ ಇಲ್ಲ. ಉತಾರ ಅಂತೂ ಇಲ್ಲ.

ನಾ ಪೂರಾ ತಿಂದೆ. ಒಂದೊಂದೇ ಕಾಳು ಕಡದೆ. ಹೊಟ್ಟಿ ನೋತು. ಎರಡೂವರಿ ತಿಂಗಳು ನಾ ಉಂಡಿದ್ದು ಯಾರ ಊಟ ಅಂತ ಕಡೀತಾ ಕಡೀತಾ ತಿಳೀತು.

ವಹಿ ಹಾಳಿ ಜೋಡಿ ಐತಿ. ಈ ಸಲ ಅಕ್ಷರಾನೂ ನಂದು, ಸಹಿನೂ ನಂದು.

ಹೊಲದಾಗಿನ ನನ್ನ ಪಾಲಿನ ಹಿಸ್ಸಾ ಬ್ಯಾರೆ ಮಾಡಿ ಕೊಡ್ರಿ ಅಂತ ಅರ್ಜಿ ಹಾಕೀನಿ. ನನ್ನ ಹೆಸರಿನ್ಯಾಗ ಉತಾರ ಆದರ ನಾನೇ ಬಂದು ಕೋರ್ಟಿನಾಗ ನಿಲ್ಲತೀನಿ. ಹೊಲ ಅಳದು ಮೋಜಣಿ ಆಗಾಕ ಆರು ತಿಂಗಳು, ಅಣ್ಣ ತಕರಾರು ಮಾಡಿದರ ಎಷ್ಟು ಅಂತ ಹೇಳಾಕ ಬರೂದಿಲ್ಲ ಅಂದರು. ಅಣ್ಣ ತಕರಾರು ಮಾಡತಾನ.

ಗೌರೀಶ

*

ಬೆಳಗಾವಿ ಜೈಲು
೧೫ ಮಾರ್ಚ್ ೨೦೨೫

ಸಮೃದ್ಧಿ ಅಪ್ಪಾರಿಗೆ,

ವಹಿ ಹಾಳಿ ಮುಟ್ಟಿತು. ‘ಹುಳ್ಳಿಕಾಳು. ಕುದ್ದಿಲ್ಲ. ಕಲ್ಲು. ಗೌರೀಶ.’ ಶೀತಲಗ ಓದಿ ಹೇಳಿದೆ. ಗಂಡನ ಅಡಗಿ ಕೆಟ್ಟದ್ದಕ್ಕ ಇಷ್ಟು ನಗತಿಯಲ್ಲ ಅಕ್ಕಾ ಅಂದಳು. ನಕ್ಕಿದ್ದು ಎಷ್ಟೊತ್ತು, ಅತ್ತಿದ್ದು ಎಷ್ಟೊತ್ತು ಅಂತ ಆಕಿಗೆ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ಎಂಟು ವರ್ಷ ನಾ ‘ಉತ್ತಮ’ ಅಂತ ಬರದ ವಹಿಗಿಂತ ನಿಮ್ಮ ಈ ಒಂದು ಹಾಳಿ ದೊಡ್ಡದು.

ಬಾಗಿಲದಾಗ ಸುಮ್ಮನ ನಿಂತಿದ್ದೆ ಅಂತ ಬರದೀರಿ. ಅದನ್ನ ಮರಿಯೂದಿಲ್ಲ. ಸುಳ್ಳು ಬರೀಲಿಲ್ಲ, ಅದನ್ನೂ ಮರಿಯೂದಿಲ್ಲ.

ಕಾಶೀಬಾಯಿ ನಿನ್ನೆ ಬಂದಿದ್ದಳು. ಐದು ಪೇಪರ್ ಆದವಂತ, ಒಂದು ಉಳದೈತಿ. ಸಮೃದ್ಧಿ ಹೇಳಿ ಕಳಿಸ್ಯಾಳ: ‘ಅವ್ವಾ, ನನ್ನ ಸಲುವಾಗಿ ಸಹಿ ಮಾಡಬ್ಯಾಡ. ನಿನ್ನ ಸಲುವಾಗಿ ಮಾಡೂದಿದ್ದರ ಮಾಡು.’ ಇದು ಬಿಡುಗಡಿ ಅಂತ ತಿಳಕೊಂಡಿದ್ದೆ. ಅಲ್ಲ. ಈಗ ಮಗಳ ಹೆಸರು ಹೇಳಾಕೂ ಬರೂದಿಲ್ಲ, ನಾ ಒಬ್ಬಾಕಿನೇ ಉಳದೀನಿ ಕಾಗದದ ಮುಂದ.

ಆರು ತಿಂಗಳು ಅಂತೀರಿ. ಆರೋ, ಹನ್ನೆರಡೋ. ಇಲ್ಲಿ ಗ್ವಾಡಿ ಎತ್ತರ ಐತಿ ಸಮೃದ್ಧಿ ಅಪ್ಪಾ, ನನಗ ಧೈರ್ಯ ಬಾಳ ಐತಿ ಅಂತ ತಿಳಕೋಬ್ಯಾಡ್ರಿ. ಮುಂಜಾನೆ ಎದ್ದಾಗ ಕೈ ಒಲಿ ಹುಡಕತೈತಿ. ಯಾರಿಗೂ ಏನೂ ಮಾಡದ ಕೈ ಎಷ್ಟು ಭಾರ ಆಗತೈತಿ ಅಂತ ಇಲ್ಲೇ ಗೊತ್ತಾತು.

ಈ ಪತ್ರ ತಿರುವಿ ನೋಡ್ರಿ. ಹಿಂದ ನಿಮ್ಮ ಅಣ್ಣ ಟೈಪ್ ಮಾಡಿಸಿದ್ದು ಐತಿ, ಬ್ಯಾಳಿ ಚಲೋ ಇತ್ತು ಅಂತ. ಇಲ್ಲೆ ಹಾಳಿ ತೀರಿದ್ದವು. ಅದಕ್ಕ ಛಾಪಾ ಕಾಗದದ ಬೆನ್ನ ಮ್ಯಾಲ ಬರದೀನಿ. ಅವಗ ತೋರಸೂದಿದ್ದರ ತೋರಿಸ್ರಿ.

ತಪ್ಪು ನಿಮ್ಮದಲ್ಲ. ನಾನೇ ಬೇಕಂತ ತಪ್ಪು ಬರದಿದ್ದೆ, ಯಾಕ ಅಂತ ಸಮೃದ್ಧಿ ಬಂದಾಗ ಕೇಳ್ರಿ. ಈಗ ಬರೋಬರಿ ಬರೀತೀನಿ. ರಾತ್ರಿ ನೆನೀಗಿಡ್ರಿ. ಮುಂಜಾನೆ ಬರೇ ನೀರಿನಾಗ ಕುದಸ್ರಿ. ಒಂದು ಕಾಳು ತಗದು ಬೆರಳಾಗ ಒತ್ತಿ ನೋಡ್ರಿ. ಪೂರಾ ಮೆತ್ತಗಾಗಿರಬೇಕು. ಆಮ್ಯಾಲ ಹುಣಸಿಹುಳಿ. ಅಲ್ಲೀ ತನಕ ಇಲ್ಲ.

ನಾ ಬಂದ ಮ್ಯಾಲಕ್ಕ ಅಂತ, ಅಣ್ಣ ಬಂದರ ಅವನ್ನೂ ಹಿಡದು, ನಾಕು ಮಂದಿಯಷ್ಟು ಹಾಕಾಕ ರೂಢಿ ಮಾಡಿಕೊಳ್ರಿ.

ಕಾಂತಾ